ವಾಲ್ಯೂಮ್ ಬಟನ್ ಕೆಟ್ಟಿದೆ, ಕಂಪ್ಯೂಟರ್‌ನಿಂದಲೇ ಫೋನಿನ ಸ್ಕ್ರೀನ್‌ಶಾಟ್ ತೆಗೆಯಬಹುದಾ?

ಹಳೇಚಾರ್ಜರ್: ಮನೆಯ ಹಿರಿಯರಿಗೆ ಫೋನ್ ಬಳಸುವುದು ಹೇಗೆ ಅಂತ ಚಿತ್ರಸಮೇತ ಬರೆದುಕೊಡೋಣ ಅಂತ ಕೂತೆ. 40 ಸ್ಕ್ರೀನ್‌ಶಾಟ್ ಬೇಕು. ಆದರೆ ನನ್ನ ಆಂಡ್ರಾಯ್ಡ್ ಫೋನಿನ ವಾಲ್ಯೂಮ್ ಬಟನ್ ಒಳಗೆ ಕೂತುಬಿಟ್ಟಿದೆ, ಒತ್ತಿದರೆ ಏನೂ ಆಗಲ್ಲ. ಬೇರೆ ದಾರಿ ಸಿಕ್ಕರೂ ಒಂದೊಂದೇ ಚಿತ್ರವನ್ನು ಮೇಲ್ ಮಾಡಿಕೊಂಡು ಲ್ಯಾಪ್‌ಟಾಪಿಗೆ ತರುವಷ್ಟು ತಾಳ್ಮೆ ನನಗಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಿಂದಲೇ ತೆಗೆಯಲು ಆಗುತ್ತಾ? ರೂಟ್ ಗೀಟ್ (ಫೋನಿನ ಒಳಗಿನ ಬೀಗ ತೆಗೆದು ಪೂರ್ತಿ ಹಿಡಿತ ಪಡೆಯುವುದು) ಮಾಡಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕೇಬಲ್‌ರಾಯ: ರೂಟ್ ಬೇಡ. ಸ್ಕ್ರ್‌ಸಿಪಿವೈ (scrcpy) ಅಂತ ಉಚಿತ ತಂತ್ರಾಂಶ ಇದೆ. ಆಂಡ್ರಾಯ್ಡ್ 5ರಿಂದ ಮೇಲಿನ ಫೋನ್ ಆದರೆ ಸಾಕು, ಫೋನಿನ ಪರದೆ ಲ್ಯಾಪ್‌ಟಾಪ್‌ನಲ್ಲೇ ಕಾಣುತ್ತದೆ, ಮೌಸ್‌ನಿಂದ ಒತ್ತಲೂಬಹುದು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಹುಡುಕಿ 7 ಸಲ ಒತ್ತಿ. ಡೆವಲಪರ್ ಆಪ್ಶನ್ಸ್ ತೆರೆದುಕೊಳ್ಳುತ್ತದೆ, ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಕೇಬಲ್ ಹಾಕಿದಾಗ ಈ ಕಂಪ್ಯೂಟರ್‌ಗೆ ಅನುಮತಿ ಕೊಡಬೇಕಾ ಅಂತ ಫೋನ್ ಕೇಳುತ್ತದೆ, ಹೂಂ ಅನ್ನಿ. ಏನೂ ಕೇಳದಿದ್ದರೆ ಮೊದಲು ಕೇಬಲ್ ಬದಲಾಯಿಸಿ ನೋಡಿ. ಬರೀ ಚಾರ್ಜ್ ಮಾಡುವ ಕೇಬಲ್‌ಗಳೂ ಇರುತ್ತವೆ, ಅದರಲ್ಲಿ ನಾನು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.

ಪಿಕ್ಸೆಲ್‌ಪ್ರೇಮಿ: ನೋಡುವುದಕ್ಕೆ ಅದು ಚೆನ್ನ. ಆದರೆ ಆ ಕಿಟಕಿಯನ್ನು ಲ್ಯಾಪ್‌ಟಾಪ್‌ನಲ್ಲಿ ಕತ್ತರಿಸಿಕೊಂಡರೆ ಕಿಟಕಿ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ, ಅಕ್ಷರ ಮಸುಕು. ಪ್ರಿಂಟ್ ಹಾಕುವುದಾದರೆ ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕಳಿಸುವ ಪುಟ್ಟ ತಂತ್ರಾಂಶ) ಬಳಸಿ. ಸ್ಕ್ರ್‌ಸಿಪಿವೈ ಜೊತೆಗೇ ಅದೂ ಬಂದಿರುತ್ತದೆ. ಆ ಫೋಲ್ಡರ್‌ನಲ್ಲಿ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಹೀಗೆ ಹೊಡೆಯಿರಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ):

adb exec-out screencap -p > 01.png

ಫೋನಿನ ಪೂರ್ತಿ ರೆಸಲ್ಯೂಶನ್‌ನಲ್ಲಿ ಚಿತ್ರ ನೇರವಾಗಿ ಲ್ಯಾಪ್‌ಟಾಪಿಗೇ ಬರುತ್ತದೆ. ಪ್ರತಿ ಸಲ ಹೆಸರು ಬದಲಾಯಿಸಿ, ಇಲ್ಲಾಂದ್ರೆ ಹಳೇ ಚಿತ್ರ ಹೋಗಿಬಿಡುತ್ತದೆ.

ಹಳೇಚಾರ್ಜರ್: ಫೈಲ್ ಬಂತು, ತೆರೆಯುತ್ತಿಲ್ಲ! ಚಿತ್ರ ಕೆಟ್ಟಿದೆ ಅನ್ನುತ್ತದೆ. ಮೂರು ಸಲ ಮಾಡಿದೆ, ಅದೇ ಕಥೆ.

ಪಿಕ್ಸೆಲ್‌ಪ್ರೇಮಿ: ಪವರ್‌ಶೆಲ್ ಅನ್ನುವ ಟರ್ಮಿನಲ್‌ನಲ್ಲಿ ಹೊಡೆದಿರಿ ಅಲ್ವಾ? ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಆ > ಚಿಹ್ನೆ ಹಾಕಿದರೆ, ಬರುತ್ತಿರುವುದು ಚಿತ್ರ ಅಂತ ಅದಕ್ಕೆ ಗೊತ್ತಾಗಲ್ಲ, ಅಕ್ಷರ ಅಂದುಕೊಂಡು ಬೇರೆ ರೂಪದಲ್ಲಿ ಬರೆದುಬಿಡುತ್ತದೆ. 7.4ರಲ್ಲಿ ಸರಿಮಾಡಿದ್ದಾರೆ. ನೀವು ಸುಮ್ನೆ ಹಳೇ ಕಮಾಂಡ್ ಪ್ರಾಂಪ್ಟ್ ತೆರೆದು ಅದೇ ಸಾಲು ಹೊಡೆಯಿರಿ. ಇನ್ನೊಂದು, ಹಳೇ ಲೇಖನಗಳಲ್ಲಿ ಎಕ್ಸೆಕ್-ಔಟ್ ಬದಲು ಶೆಲ್ ಅಂತ ಇರುತ್ತದೆ. ಅದರಲ್ಲೂ ಸಾಲಿನ ಕೊನೆಯ ಗುರುತುಗಳು ಬದಲಾಗಿ ಚಿತ್ರ ಕೆಡುತ್ತಿತ್ತು, ಅದನ್ನು ನಕಲು ಮಾಡಬೇಡಿ.

ಸೇಬುಹಣ್ಣು: ಐಫೋನ್ ಇಟ್ಟುಕೊಂಡವರು ಯಾರಾದರೂ ಓದುತ್ತಿದ್ದರೆ: ಮ್ಯಾಕ್‌ಗೆ ಕೇಬಲ್ ಹಾಕಿ, ಕ್ವಿಕ್‌ಟೈಮ್ ಪ್ಲೇಯರ್‌ನಲ್ಲಿ ನ್ಯೂ ಮೂವಿ ರೆಕಾರ್ಡಿಂಗ್ ತೆರೆದು, ಕ್ಯಾಮೆರಾ ಅನ್ನುವ ಜಾಗದಲ್ಲಿ ಫೋನನ್ನು ಆರಿಸಿ. ಪರದೆ ಕಾಣುತ್ತದೆ.

ಹಳೇಚಾರ್ಜರ್: ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಂತು, ಕನ್ನಡಿ ಹಾಗಿದೆ! 38 ಆಯಿತು. ಹಣ ಕಳಿಸುವ ಆ್ಯಪ್‌ನ 2 ಪುಟ ಮಾತ್ರ ಪೂರ್ತಿ ಕಪ್ಪು. ಇದಕ್ಕೂ ಪವರ್‌ಶೆಲ್ ಕಾರಣವಾ?

ಕೇಬಲ್‌ರಾಯ: ಇಲ್ಲ, ಅದು ಬೇಕಂತಲೇ ಮಾಡಿದ್ದು. ಆ ಪುಟದ ಚಿತ್ರ ಯಾರೂ ತೆಗೆಯದ ಹಾಗೆ ಆ್ಯಪ್ ಮಾಡಿದವರೇ ತಡೆ ಹಾಕಿರುತ್ತಾರೆ. ಬಟನ್ ಸರಿ ಇದ್ದಿದ್ದರೂ ಬರುತ್ತಿರಲಿಲ್ಲ. ಕ್ರೋಮ್‌ನ ಇನ್‌ಕಾಗ್ನಿಟೋದಲ್ಲೂ ಹೀಗೇ. ಮತ್ತೆ, ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಲು ಮರೆಯಬೇಡಿ.

ಹಳೇಚಾರ್ಜರ್: ಆಫ್ ಮಾಡಿದೆ. ಆ 2 ಪುಟಗಳನ್ನು ಪೆನ್ಸಿಲ್‌ನಲ್ಲಿ ಬರೆದು ಅಂಟಿಸಿದ್ದೇನೆ. ಹಿರಿಯರಿಗೆ ಅದೇ ಜಾಸ್ತಿ ಅರ್ಥ ಆಯಿತಂತೆ.