ದಮ್ಮಿನ ಕಾಯಿಲೆ ಸಾವಿನ ಅಂದಾಜು: ಹೆಂಗಸ್ರ ಲೆಕ್ಕ ಕೂಡ್ತಾ ಇಲ್ಲ, ಯಾರಾದ್ರೂ ನೋಡ್ರಿ

ಭಟ್ಟಿ_ಹುಡುಗ (ದಾವಣಗೆರೆ):
ಎಲ್ರಿಗೂ ನಮಸ್ಕಾರ. ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಕೊನೆ ಸೆಮಿಸ್ಟರ್‌ನಾಗೆ ಇದೀನಿ, ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ವರ್ಷಗಟ್ಲೆ ಕಾಡೋ ದಮ್ಮಿನ ಕಾಯಿಲೆಯಿಂದ ಆಗೋ ಸಾವಿನ ದರ ಮುಂದಿನ 15 ವರ್ಷ ಹೆಂಗಿರುತ್ತೆ ಅಂತ ವಯಸ್ಸು, ಗಂಡು ಹೆಣ್ಣು ಪ್ರಕಾರ ಅಂದಾಜು ಮಾಡೋದು ಪ್ರಾಜೆಕ್ಟು. ಈ ವಿಷ್ಯನೇ ಯಾಕಂದ್ರೆ ನಮ್ಮಜ್ಜಿ ಮಂಡಕ್ಕಿ ಭಟ್ಟಿನಾಗೆ ಹೊಗೆ ಕುಡ್ಕೊಂಡೇ ದುಡಿದೋರು, ಮನೆಗ್ ಬಂದ್ರೆ ಮತ್ತೆ ಕಟ್ಟಿಗೆ ಒಲೆ, ಬೀಡಿ ಒಂದ್ಸಲನೂ ಮುಟ್ಟಿಲ್ಲ, ಕೊನೆಗೆ ದಮ್ಮು ಹತ್ತಿ ರಾತ್ರಿ ಕೂತ್ಕೊಂಡೇ ನಿದ್ದೆ ಮಾಡೋ ಹಂಗಾಗಿ ತೀರ್ಕೊಂಡ್ರು.

ಜಿಲ್ಲೆ ಅಂಕಿ ಇಟ್ಕೊಂಡು ಲೀ-ಕಾರ್ಟರ್ ಮಾಡೆಲ್ (ವಯಸ್ಸುವಾರು ಸಾವಿನ ದರದ ಹಿಂದಿನ ಏರಿಳಿತನ ಮುಂದಕ್ಕೆ ಎಳೆಯೋ ವಿಧಾನ) ಹಾಕ್ದೆ. ಗಂಡಸ್ರದ್ದು ಪರವಾಗಿಲ್ಲ, ಹೆಂಗಸ್ರದ್ದು ಮಾತ್ರ 60-64ರ ದರ ಮುಂದೆ ಹೋಗ್ತಾ ಹೋಗ್ತಾ 65-69ನ್ನೇ ದಾಟ್ತೈತೆ, 50ರ ಕೆಳಗೆ ಕೆಲವು ವರ್ಷ ಸಾವು ಸೊನ್ನೆ, ಮಾಡೆಲಿಗೆ ಬೇಕಾದ ಲಾಗ್ (ಲಾಗರಿದಮ್) ತಗೊಳಕ್ಕೇ ಬರಲ್ಲ. ಸೊನ್ನೆ ಜಾಗಕ್ಕೆ 0.5 ಹಾಕೀನಿ, ಸರಿನಾ ಇದು?

ಲೆಕ್ಕದ_ಮೇಷ್ಟ್ರು:
0.5 ತೆಗೆದು ಹಾಕಪ್ಪ. ಸಾವಿನ ಸಂಖ್ಯೆನ ಪಾಯ್ಸಾನ್ (0, 1, 2 ಅಂತ ಎಣಿಸೋ ಸಂಖ್ಯೆಗಳ ಹಂಚಿಕೆ) ಅಂತ ತಗೊಂಡು ಜನಸಂಖ್ಯೆನ ಆಫ್‌ಸೆಟ್ (ಭಾಗಿಸೋ ಸಂಖ್ಯೆ) ಇಟ್ರೆ ಸೊನ್ನೆ ತೊಂದ್ರೆನೇ ಇರಲ್ಲ, ಬ್ರೂನ್ಸ್, ಡೆನ್ವಿ, ವರ್ಮುಂಟ್ ಅನ್ನೋ ಸಂಶೋಧಕರು 2002ರಲ್ಲಿ ಇದನ್ನೇ ಮಾಡಿದ್ದು. ಇನ್ನು ದರ ದಾಟೋದು. 1992ರ ಮೂಲ ಲೀ-ಕಾರ್ಟರ್ ಮಾಡೆಲಲ್ಲಿ ಪ್ರತಿ ವಯಸ್ಸಿಗೂ ಒಂದು ಬಿ ಇರುತ್ತಲ್ಲ, ಕಾಲದ ಜೊತೆ ಆ ವಯಸ್ಸಿನ ದರ ಎಷ್ಟು ಜಗ್ಗುತ್ತೆ ಅನ್ನೋದು, ಒಂದೇ ಜಿಲ್ಲೆಯ ಅಂಕಿಲಿ ಅದು ಗರಗಸದ ಹಲ್ಲಿನ ಹಂಗೆ ಬರುತ್ತೆ, ಅದನ್ನೇ 15 ವರ್ಷ ಎಳೆದ್ರೆ ಹಿಂಗೇ ಆಗೋದು. ಬಿ ಸ್ಮೂತ್ ಮಾಡು.

ಗಂಡು ಹೆಣ್ಣು ಬೇರೆ ಬೇರೆ ಓಡಿಸಿದ್ರೆ ಎರಡೂ ಗೆರೆ ದೂರ ಹೋಗ್ತಾನೇ ಇರುತ್ತವೆ ಅಂತ 2005ರಲ್ಲಿ ಲೀ-ಲೀ ವಿಧಾನ ಬಂತು, ಇಬ್ಬರಿಗೂ ಒಂದೇ ಸಾಮಾನ್ಯ ಟ್ರೆಂಡ್ ಇಟ್ಟು ವ್ಯತ್ಯಾಸನ ಒಂದು ಮಟ್ಟಕ್ಕೆ ನಿಲ್ಲಿಸೋದು. ಆದ್ರೆ ಈ ಕಾಯಿಲೆಗೆ ಅದನ್ನ ಕಣ್ಮುಚ್ಚಿ ಹಾಕ್ಬೇಡ. ಬೀಡಿ ಸೇದಿದ ಗಂಡಸ್ರ ತಲೆಮಾರು ಬೇರೆ, ಮೆಕ್ಕೆಜೋಳದ ಬೆಂಡು ಉರಿಸಿ ಅಡಿಗೆ ಮಾಡಿದ ಹೆಂಗಸ್ರ ತಲೆಮಾರು ಬೇರೆ, ಉಜ್ವಲ ಗ್ಯಾಸ್ ಬಂದಿದ್ದೇ 2016ಕ್ಕೆ. ಯಾವ ವರ್ಷ ಹುಟ್ಟಿದ್ರು ಅನ್ನೋದು ಮಾಡೆಲಲ್ಲಿ ಇರ್ಲೇಬೇಕು. ಹುಟ್ಟಿದ ವರ್ಷ ಅಂದ್ರೆ ಕಾಲದಿಂದ ವಯಸ್ಸು ಕಳೆದಿದ್ದೇ ಆಗಿರೋದ್ರಿಂದ ವಯಸ್ಸು, ಕಾಲ, ಹುಟ್ಟಿದ ವರ್ಷ ಈ ಮೂರರ ನೇರ ಟ್ರೆಂಡ್ ಬೇರೆ ಬೇರೆ ಬಿಡಿಸಕ್ಕೆ ಆಗಲ್ಲ, ಯಾವ ಷರತ್ತು ಹಾಕ್ದೆ ಅಂತ ರಿಪೋರ್ಟಲ್ಲಿ ಬರಿ.

ದುರ್ಗದ_ಡಾಕ್ಟ್ರು:
ಮಾಡೆಲ್ ಬಗ್ಗೆ ಮೇಷ್ಟ್ರು ಹೇಳಿದ್ದು ಸರಿ, ನಾನು ಫಾರಂ ತುಂಬೋ ಕಡೆಯಿಂದ ಹೇಳ್ತೀನಿ. ಸಾವಿನ ಕಾರಣದ ಜಾಗದಲ್ಲಿ ಎಷ್ಟೋ ಸಲ ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್ ಅಂತ ಬರೆದು ಮುಗಿಸಿಬಿಡ್ತಾರೆ, ಅದು ಕಾರಣನೇ ಅಲ್ಲ, ಯಾರು ಸತ್ರೂ ಹೃದಯ, ಉಸಿರು ನಿಂತೇ ನಿಲ್ಲುತ್ತೆ. ನೀವು ಬರೀ ಜೆ40ರಿಂದ ಜೆ44 ಕೋಡ್ (ಐಸಿಡಿ-10 ಅನ್ನೋ ಕಾಯಿಲೆ ಪಟ್ಟಿಲಿ ಸಿಒಪಿಡಿ, ಅದರ ಹತ್ತಿರದ ಕಾಯಿಲೆಗಳು) ತೆಗೆದಿದ್ರೆ ಇವೆಲ್ಲ ಹೊರಗೆ ಉಳಿದಿರ್ತವೆ. ಹಳ್ಳಿಲಿ ಮನೇಲೇ ತೀರಿಕೊಂಡ ಅಜ್ಜಿಯರದ್ದಂತೂ ವಯಸ್ಸಾಗಿತ್ತು ಅಂತ ಆರ್54 (ಮುಪ್ಪು) ಕೋಡಿಗೆ ಹೋಗುತ್ತೆ. ಗಂಡಸು ಕೆಮ್ಮಿದ್ರೆ ಬೀಡಿ ಸೇದ್ತೀಯಾ ಅಂತ ಕೇಳಿ ಸಿಒಪಿಡಿ ಅಂತ ಬರೀತಾರೆ, ಹೆಂಗಸು ಬಂದ್ರೆ ಊದೋ ಟೆಸ್ಟ್ ಮಾಡಿಸದೇ ಅಸ್ತಮಾ ಅಂತಾರೆ, ನಿಮ್ಮ ಹೆಂಗಸ್ರ ಗೆರೆ ಕುಣಿಯೋದಕ್ಕೆ ಇದೂ ಒಂದು ಕಾರಣ ಇರಬಹುದು. ಮುಂದೆ ಟೆಸ್ಟ್ ಜಾಸ್ತಿ ಆದ್ರೆ ಕಾಯಿಲೆ ಹೆಚ್ಚದೇ ಇದ್ರೂ ದರ ಏರುತ್ತೆ. ಕೋವಿಡ್ ಇದ್ದ 2020, 2021ನ್ನ ಬೇರೆ ಇಟ್ಟು ನೋಡಿ.

ಹರಿಹರದ_ಮಂಜ:
ತಮ್ಮ, ನಿನ್ನ ಅಂಕಿ ಯಾವ ವರ್ಷದಿಂದ? ನಮ್ಮ ಜಿಲ್ಲೆ ಆಗಿದ್ದೇ 1997ಕ್ಕೆ, ಅದಕ್ಕೂ ಮುಂಚೆ ನಾವು ಚಿತ್ರದುರ್ಗದಾಗೆ ಇದ್ವಿ, ಆಮೇಲೆ ಹರಪನಹಳ್ಳಿ 2018ಕ್ಕೆ ಬಳ್ಳಾರಿಗೆ ಹೋತು. ಭಾಗಿಸೋ ಜನಸಂಖ್ಯೆನಾಗೆ ಅದನ್ನ ತೆಗ್ದೀಯಾ? 2011ರ ಸೆನ್ಸಸ್ಸು ಹಂಗೇ ಎಳ್ಕೊಂಡು ಬಂದಿದ್ರೆ ದರ ತಪ್ಪಾಗುತ್ತೆ. ವಯಸ್ಸು ಬೇರೆ ಎಲ್ರೂ 60, 65, 70 ಅಂತ ದುಂಡಗೆ ಹೇಳೋದು.

ಭಟ್ಟಿ_ಹುಡುಗ (ದಾವಣಗೆರೆ):
ಮಂಜಣ್ಣ, ಹರಪನಹಳ್ಳಿ ತೆಗ್ದಿರ್ಲಿಲ್ಲ. ಮೇಷ್ಟ್ರೇ, ಪಾಯ್ಸಾನ್ ಹಾಕಿ ಬಿ ಸ್ಮೂತ್ ಮಾಡ್ದೆ, ದಾಟೋದು ನಿಂತೈತೆ, ಇವತ್ತು ರಾತ್ರಿ ಕೊನೆ 5 ವರ್ಷ ಮುಚ್ಚಿಟ್ಟು ಹಿಂದಿನ ಅಂಕಿಯಿಂದ ಅದನ್ನ ಹಿಡಿಯುತ್ತಾ ನೋಡ್ತೀನಿ. ಡಾಕ್ಟ್ರೇ, ನಿಮ್ಮ ಮಾತು ಓದಿ ಅಜ್ಜಿ ಹಳೇ ಆಸ್ಪತ್ರೆ ಚೀಟಿ ಟ್ರಂಕಿನಿಂದ ತೆಗ್ಸಿ ನೋಡ್ದೆ. ಮೂರು ಚೀಟಿನಾಗೂ ಅಸ್ತಮಾ ಅಂತನೇ ಬರ್ದೈತೆ. ಅಸ್ತಮಾದ ಜೆ45, ಜೆ46 ಕೋಡ್ ಸೇರಿಸಿ ಒಂದ್ಸಲ, ಬಿಟ್ಟು ಒಂದ್ಸಲ ಓಡಿಸಿ ಎರಡೂ ಗೆರೆ ಇಲ್ಲೇ ಹಾಕ್ತೀನಿ.