ಘಟ್ಟದ ಟರಾಂಟುಲಾ ಪಟ್ಟಿ ಮಾಡೋದು ಹೇಗೆ? ಬ್ರೀಡ್ ಮಾಡ್ಬಹುದಾ?

ಪ್ರಶ್ನೆ: ಪಶ್ಚಿಮ ಘಟ್ಟದ ಮರದ ಪೊಟರೇಲಿ ಇರೋ ಪೊಯೆಸಿಲೋಥೇರಿಯಾಗಳದ್ದು (ಮರದಲ್ಲಿ ವಾಸಿಸೋ ದೊಡ್ಡ ರೋಮದ ಜೇಡಗಳ ಒಂದು ಕುಲ) ಫೋಟೋ ಸಮೇತ ಒಂದು ಪಟ್ಟಿ ಮಾಡ್ಬೇಕು ಅಂತಿದೀನಿ, ಆದ್ರೆ ಅದ್ರಲ್ಲಿ ರೆಗಾಲಿಸ್, ಸ್ಟ್ರಯಾಟಾ ಅನ್ನೋ ಎರಡು ಜಾತಿನೂ ನಂಗೆ ಒಂದೇ ಥರ ಕಾಣ್ಸತ್ತೆ. ಆಮೇಲೆ ಒಂದು ಜೋಡಿ ತಂದು ಮನೇಲೇ ಮರಿ ಮಾಡಿಸ್ಬಹುದಾ?

ಉತ್ತರ 1: ಬರೀ ಬೆನ್ನಿನ ಫೋಟೋ ನಂಬ್ಬೇಡಿ ಗುರು. ಹೊಟ್ಟೆ ಅಡಿ, ಕಾಲಿನ ಕೆಳಭಾಗದ ಹಳದಿ-ಕಪ್ಪು ಪಟ್ಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯತ್ತೆ ಅದನ್ನ ತೆಗೀರಿ, ರೆಗಾಲಿಸ್‌ಗೆ ಹೊಟ್ಟೆ ಅಡಿ ತಿಳಿ ಬಣ್ಣದ ಅಡ್ಡಪಟ್ಟಿ ಇರತ್ತೆ. ಕಳಚಿದ ಪೊರೆ ಸಿಕ್ರೆ ಎಸೀಬೇಡಿ, ಹೆಣ್ಣಾದ್ರೆ ವೀರ್ಯ ಕೂಡಿಡೋ ಚೀಲದ ಒಳಪದರ ಅದ್ರಲ್ಲೇ ಸಿಗತ್ತೆ, ಗಂಡೋ ಹೆಣ್ಣೋ ಗೊತ್ತಾಗತ್ತೆ.

ಉತ್ತರ 2: ಕಾಡಿಂದ ತರೋ ಐಡಿಯಾ ಬಿಟ್ಬಿಡಿ ಸರ್. 2019ರಲ್ಲಿ ಇಡೀ ಕುಲವನ್ನ ಸೈಟಿಸ್ (ಕಾಡುಜೀವಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧಕ್ಕೆ ಸೇರಿಸಿದಾರೆ, ಮೊದ್ಲು ಅರಣ್ಯ ಇಲಾಖೆನ ಕೇಳಿ. ಆಂಧ್ರದ ಗೂಟಿ ಊರಿನ ಹೆಸರಿರೋ, ಇದೇ ಕುಲದ ನೀಲಿ ಜಾತಿ ಮೆಟಾಲಿಕಾ ನೋಡಿ, 1899ರಲ್ಲಿ ಹೆಸರಿಟ್ಟಿದ್ದು, ಮತ್ತೆ ಸಿಕ್ಕಿದ್ದು 2001ರಲ್ಲಿ, ಅಷ್ಟಕ್ಕೇ ಫಾರಿನ್ ಸಾಕೋರ ಹತ್ರ ಹೋಗೇ ಬಿಡ್ತು. ಅದಕ್ಕೇ ಪಟ್ಟೀಲಿ ತಾಲ್ಲೂಕು ಹಾಕಿ ಸಾಕು, ಜಿಪಿಎಸ್ ಪಬ್ಲಿಕ್ ಮಾಡ್ಬೇಡಿ.

ಉತ್ತರ 3: ಪರ್ಮಿಶನ್ ಇದ್ದು ಮಾಡೋರಿಗೂ ಒಂದು ಮಾತು, ಬೇರೆ ಬೇರೆ ಜಾತಿ ಜೋಡಿ ಮಾಡ್ಬೇಡಿ, ಮಿಶ್ರತಳಿ ಹುಟ್ಟತ್ತೆ, ಆಮೇಲೆ ಯಾವ್ದು ಯಾವ್ದು ಅಂತ ಯಾರಿಗೂ ಗೊತ್ತಾಗಲ್ಲ. ಗಂಡು ಕೊನೇ ಪೊರೆ ಬಿಟ್ಟು ವೀರ್ಯದ ಬಲೆ (ವೀರ್ಯ ಬಿಟ್ಟು ತುಂಬ್ಕೊಳ್ಳೋಕೆ ಕಟ್ಟೋ ಸಣ್ಣ ಬಲೆ) ಕಟ್ಟಿದ್ಮೇಲೇನೇ ಹೆಣ್ಣಿನ ಹತ್ರ ಬಿಡ್ಬೇಕು, ಹೆಣ್ಣಿಗೆ ಹೊಟ್ಟೆ ತುಂಬಿರ್ಲಿ, ಇಲ್ಲಾಂದ್ರೆ ಗಂಡಿನ ಕಥೆ ಅಷ್ಟೇ 😅