ಸಹಾಯ ಬೇಕು: ಸ್ವಂತ ಕೆಲಸ ನಿಂತ ಮೇಲೆ ಐರ್ಲೆಂಡಿನಲ್ಲಿ ಇರುವ ಹಕ್ಕು

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು, ಈಗ ಐರ್ಲೆಂಡಿನ ಕಾರ್ಕ್‌ನಲ್ಲಿದ್ದೇವೆ. ನಮ್ಮ ಮಾವ 1961ಕ್ಕೆ ಮುಂಚೆ, ಗೋವಾ ಪೋರ್ಚುಗಲ್ ಆಳ್ವಿಕೆಯಲ್ಲಿದ್ದಾಗ, ಅಲ್ಲಿ ಹುಟ್ಟಿದವರು. ಹಾಗಾಗಿ ನಮ್ಮ ಯಜಮಾನರಿಗೆ ಪೋರ್ಚುಗಲ್ ಪಾಸ್‌ಪೋರ್ಟ್ ಇದೆ. ನನ್ನದು ಭಾರತದ್ದೇ. ಯುರೋಪಿನ ಒಕ್ಕೂಟದ ಪ್ರಜೆಯಾಗಿ ಇವರಿಗೆ ಇಲ್ಲಿರುವ ಹಕ್ಕಿನ ಮೇಲೇ ನನ್ನ ವಾಸದ ಕಾರ್ಡ್ ನಿಂತಿದೆ.

ಮೂರೂವರೆ ವರ್ಷ ಸ್ವಂತವಾಗಿ ಟೈಲ್ಸ್ ಕೆಲಸ ಮಾಡಿದರು, ಟ್ಯಾಕ್ಸೂ ಕಟ್ಟಿದ್ದಾರೆ. ಆರು ತಿಂಗಳಿಂದ ಕೆಲಸವೇ ಇಲ್ಲ. ಟೈಲ್ ಕಟರ್ ವ್ಯಾನಿನಲ್ಲೇ ಧೂಳು ತಿನ್ನುತ್ತಿದೆ. ನಿರುದ್ಯೋಗ ಭತ್ಯೆ ಕೇಳಲು ಹೋದರೆ ಕೌಂಟರಿನವರು, "ನೀವು ನೌಕರಿಯಲ್ಲಿ ಇರಲಿಲ್ಲವಲ್ಲ, ಇಲ್ಲಿರುವ ಹಕ್ಕು ಉಳಿಯೋದಿಲ್ಲ" ಅಂದುಬಿಟ್ಟರು. ನನಗೆ ಕೈಕಾಲೇ ಆಡಲಿಲ್ಲ.

ಆದರೆ 2017ರ ಡಿಸೆಂಬರ್‌ನಲ್ಲಿ ಯುರೋಪಿನ ಒಕ್ಕೂಟದ ನ್ಯಾಯಾಲಯ ಗುಸಾ ಅನ್ನುವವರ ಕೇಸಿನಲ್ಲಿ ಬೇರೆಯೇ ಹೇಳಿದೆ, ಅಲ್ವಾ? ಅವರು ರೊಮೇನಿಯಾದವರು, ಐರ್ಲೆಂಡಿನಲ್ಲೇ ಗಾರೆ ಕೆಲಸ ಮಾಡಿದವರು. ವರ್ಷಕ್ಕಿಂತ ಜಾಸ್ತಿ ಸ್ವಂತ ಕೆಲಸ ಮಾಡಿ, ತಮ್ಮ ಕೈಮೀರಿದ ಕಾರಣಕ್ಕೆ ಕೆಲಸ ಸಿಗದೆ ನಿಲ್ಲಿಸಿದರೂ ಹಕ್ಕು ಉಳಿಯುತ್ತದೆ ಅಂತ ತೀರ್ಪು. ಕೆಲಸ ಹುಡುಕುವವರಾಗಿ ಹೆಸರು ನೋಂದಾಯಿಸಿರಬೇಕು. ಇವರು ನೋಂದಾಯಿಸಿದ್ದಾರೆ.

ಕೆಲಸ ಸಿಗಲಿಲ್ಲ ಅನ್ನೋದಕ್ಕೆ ಏನು ದಾಖಲೆ ಕೊಡಬೇಕು? ನಮ್ಮ ಹತ್ತಿರ ಇರೋದು ಹಳೆ ಬಿಲ್ಲುಗಳು, "ಸದ್ಯಕ್ಕೆ ಬೇಡ" ಅನ್ನುವ ವಾಟ್ಸಾಪ್ ಮೆಸೇಜುಗಳು ಅಷ್ಟೇ. ಐದು ವರ್ಷಕ್ಕೆ ಸಿಗುವ ಕಾಯಂ ವಾಸದ ಹಕ್ಕಿಗೆ ಈ ತಿಂಗಳುಗಳೂ ಸೇರುತ್ತವಾ? ಮೇಲ್ಮನವಿ ಹಾಕಿದವರಿದ್ದರೆ ದಯವಿಟ್ಟು ಹೇಳಿ. ಸುಮ್ನೆ ಊರಿಗೆ ವಾಪಸ್ ಹೋಗಿ ಅನ್ನಬೇಡಿ, ಅದನ್ನು ಅತ್ತೆ ದಿನಾ ಹೇಳುತ್ತಾರೆ.